ವಾರ್ತೆಯನ್ನು ಮುಟ್ಟಿಸಿದವರು

ಅರಸನಿಗೆ ಚಾರರೇ ಕಣ್ಣುಗಳೆಂದು ನಮ್ಮ ನೀತಿಶಾಸ್ತ್ರಕಾರರು ಹೇಳುತ್ತಾರೆ. ದೂತನನ್ನು ಕೊಲ್ಲಬಾರದೆಂದು ನಿಯಮ ಮಾಡಿದವರೂ ಅವರೇ. ಚಾರನಿಗೆ ಮಾತ್ರ ಅಂತಹ ಅಭಯವಿಲ್ಲ. ಕಂಡುದನ್ನು ತಿಳಿಸುವುದು ಅವನ ಕರ್ತವ್ಯ. ಬದುಕಿ ಬರುವುದು ಅವನ ಅದೃಷ್ಟ. ಎರಡನೆಯ ಮಹಾಯುದ್ಧದಲ್ಲಿ ಈ ಚಾರಕಾರ್ಯವು ಬಹುಮಟ್ಟಿಗೆ ವಿಮಾನಗಳ ಪಾಲಿಗೆ ಬಂದಿತು. ಅಂತಹುದೊಂದು ವಿಮಾನವು ಸಿಂಹಳದ್ವೀಪದ ದಕ್ಷಿಣ ಸಮುದ್ರದಲ್ಲಿ ನಷ್ಟವಾದ ವೃತ್ತಾಂತವನ್ನು ಈ ತಿಂಗಳು ನಿವೇದಿಸುತ್ತೇನೆ.

ಅದು ಕ್ಯಾಟಲೀನಾ ಎಂಬ ಜಾತಿಯ ಜಲವಿಮಾನ. ದೋಣಿಯಂತಹ ಒಡಲು, ನೀರಿನಿಂದಲೇ ಏರಿ ನೀರಿಗೇ ಇಳಿಯುವುದು. ಬೆಂಗಳೂರಿಗೂ ಇದರ ಪರಿಚಯವುಂಟು. ಯುದ್ಧಕಾಲದಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುರಸ್ತಿಗಾಗಿ ಬಂದ ಕ್ಯಾಟಲೀನಾಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದುವು. ಬಹಳ ಹೊತ್ತು ಆಕಾಶದಲ್ಲಿರಬಲ್ಲ ಈ ವಿಮಾನದ ನಡೆ ಗಂಟೆಗೆ ನೂರು ಮೈಲಿಗಿಂತ ತುಸು ಮಿಗಿಲು ಅಷ್ಟೆ. ಶತ್ರು ಕಂಡರೆ ಓಡಿ ತಪ್ಪಿಸಿಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ.

1942ನೆಯ ಇಸವಿ ಏಪ್ರಿಲ್ 4ರಂದು ಬೆಳಗಾಗುವ ಮುನ್ನ, ಗಾಲೆಯ ಸಮೀಪದ ಕೊಗ್ಗಲ ಸರೋವರದಿಂದ ಕೆನಡಾ ವಾಯುಪಡೆಯ 413ನೆಯ ದಳದ ಕ್ಯಾಟಲೀನಾ ಒಂದು ಹೊರಟಿತು. ನಾಯಕರು ಲೆನಾರ್ಡ್ ಬರ್ಚಲ್. ಅವರೂ ಸೇರಿ ಒಂಬತ್ತು ಮಂದಿ. ದಿನವೆಲ್ಲ ಕಂಡುದು ಬರಿಯ ನೀರು. ಸಂಜೆ ಹಿಂದಿರುಗುವ ಹೊತ್ತಿಗೆ ದಕ್ಷಿಣದ ಅಂಚಿನಲ್ಲಿ ಕೆಲವು ಚುಕ್ಕೆಗಳು ತೋರಿದುವು. ಅಷ್ಟನ್ನೇ ಕಂಡು ಮರಳಬಹುದಾಗಿತ್ತು. ಆದರೆ ‘ಏನೋ ಕಂಡಿತು’ ಎಂಬ ವಾರ್ತೆಯಿಂದ ಯಾರಿಗೇನು ಪ್ರಯೋಜನ? ಹಡಗುಗಳೆಷ್ಟು, ಎಂತಹವು, ಯಾವ ದಿಕ್ಕಿಗೆ ನಡೆದಿವೆ ಎಂಬುದನ್ನು ಅರಿಯಲು ಸಮೀಪಕ್ಕೆ ಹೋಗಲೇಬೇಕು. ಹೋದರೆ ಮರಳುವ ಆಸೆಯನ್ನು ಬಿಡಬೇಕು. ಅವರು ಹೋದರು. ಅದು ಅಡ್ಮಿರಲ್ ನಗುಮೊ ನಡೆಸುತ್ತಿದ್ದ, ಐದು ವಿಮಾನವಾಹಕ ನೌಕೆಗಳುಳ್ಳ ಜಪಾನೀ ಪಡೆ.

ವಾರ್ತೆಯನ್ನು ಮೂರು ಸಲ ಕಳುಹಿಸಬೇಕೆಂಬುದು ನಿಯಮ. ಮೂರನೆಯ ಸಲದ ನಡುವಿನಲ್ಲಿ ಗುಂಡು ಬಡಿದು ರೇಡಿಯೋ ಯಂತ್ರವು ನುಚ್ಚುನೂರಾಯಿತು. ವಿಮಾನಕ್ಕೆ ಬೆಂಕಿ ಹತ್ತಿತು. ಬರ್ಚಲ್ಲರು ಹೇಗೋ ಅದನ್ನು ನೀರಿಗಿಳಿಸಿದರು. ಕಾಲು ಕಡಿದುಹೋಗಿದ್ದ ಒಬ್ಬನು ವಿಮಾನದೊಡನೆಯೇ ಮುಳುಗಿದನು. ಉಳಿದವರು ಈಜುತ್ತಿರುವಾಗಲೂ ಮೇಲಿನಿಂದ ಗುಂಡಿನ ಮಳೆ ನಿಲ್ಲಲಿಲ್ಲ. ಶಕ್ತಿಯಿದ್ದವರು ನೀರಿನೊಳಗೆ ಮುಳುಗಿ ತಪ್ಪಿಸಿಕೊಂಡರು. ತೀವ್ರವಾಗಿ ಗಾಯಗೊಂಡಿದ್ದ ಇಬ್ಬರಿಗೆ ತೇಲುವ ಅಂಗಿಯನ್ನು ತೊಡಿಸಿದ್ದರು. ಅದರಿಂದ ಮುಳುಗಲಾರದೆ ಅವರು ಹತರಾದರು. ಉಳಿಸಲೆಂದು ತೊಡಿಸಿದ ಅಂಗಿ! ಮಿಕ್ಕ ಆರು ಮಂದಿ ಸೆರೆಯಾಗಿ 1945ರವರೆಗೆ ಬಂದಿಗಳಾಗಿದ್ದರು.

ಮರುದಿನ, ಈಸ್ಟರ್ ಭಾನುವಾರ, ಕೊಲಂಬೊ ನಗರದ ಮೇಲೆ ದಾಳಿಯಾಯಿತು. ಬಹಳಷ್ಟು ಹಡಗುಗಳನ್ನು ಅಷ್ಟರಲ್ಲಿ ಬಂದರಿನಿಂದ ಹೊರಗೆ ಸಾಗಿಸಿದ್ದರು. ಆ ಮೇಲೆ ಬರ್ಚಲ್ಲರಿಗೆ ‘ಸಿಂಹಳದ ರಕ್ಷಕ’ ಎಂಬ ಬಿರುದು ಬಂದಿತು. ಬಿರುದು ತುಸು ಹಿರಿದಾಯಿತೆಂದು ನನ್ನ ಅಭಿಪ್ರಾಯ. ಎಚ್ಚರಿಕೆ ಮುಟ್ಟಿದ್ದರೂ ಶತ್ರು ಬಂದೊದಗಿದಾಗ ರತ್ಮಲಾನದ ಯುದ್ಧವಿಮಾನಗಳು ಇನ್ನೂ ನೆಲದ ಮೇಲಿದ್ದುವು. ಹಿಂದಿನ ರಾತ್ರಿ ಕೊಲಂಬೊ ಬಿಟ್ಟು ಹೊರಟಿದ್ದ ಡಾರ್ಸೆಟ್‌ಷೈರ್, ಕಾರ್ನ್‌ವಾಲ್ ಎಂಬ ಎರಡು ಯುದ್ಧನೌಕೆಗಳು ನಡುಸಮುದ್ರದಲ್ಲಿ ಮುಳುಗಿ 424 ಮಂದಿ ಮಡಿದರು. ಚಾರನು ಕಂಡುದನ್ನು ಹೇಳಬಲ್ಲನು; ಕೇಳಿದವರು ಮಾಡುವುದಕ್ಕೆ ಅವನು ಹೊಣೆಯಲ್ಲ.

ಬರ್ಚಲ್ಲರು 2004ರವರೆಗೆ ಬಾಳಿದರು. ಆ ದಿನ ನಡೆದುದನ್ನು ಅವರ ಬಾಯಿಂದಲೇ ಲೋಕವು ಕೇಳಿತು. ಆದರೆ ಅದೇ ಪಡೆಯ ಬೆನ್ನುಹತ್ತಲು ಆ ರಾತ್ರಿಯೇ 205ನೆಯ ದಳದ ಮತ್ತೊಂದು ಕ್ಯಾಟಲೀನಾ ಹೋಗಿದ್ದಿತು. ಅದೂ ವಾರ್ತೆ ಕಳುಹಿಸಿತು, ಮರಳಿ ಬರಲಿಲ್ಲ. ಅದರಲ್ಲಿದ್ದವರಲ್ಲಿ ಒಬ್ಬನೂ ಉಳಿಯಲಿಲ್ಲವಾಗಿ, ಕೊನೆಯ ಗಳಿಗೆಯಲ್ಲಿ ಅವರೇನು ಕಂಡರು, ಯಾರು ಯಾರಿಗೆ ಏನೆಂದರು ಎಂದು ಹೇಳುವವರಿಲ್ಲ. ಏಷ್ಯಾದ ಈ ಭಾಗದಲ್ಲಿ ಮಡಿದು ಸಮಾಧಿಯಿಲ್ಲದೆ ಹೋದ ಸೈನಿಕರ, ವೈಮಾನಿಕರ 24,000ಕ್ಕೂ ಹೆಚ್ಚು ಹೆಸರುಗಳನ್ನು ಸಿಂಗಪುರದ ಕ್ರಾಂಜಿಯಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ.