ಜೋಗದ ದಾರಿಯ ಅಡ್ಡದಾರಿಗಳು

'ಅಡ್ಡದಾರಿ ಹಿಡಿಯಬೇಡ' ಎಂದು ಹಿರಿಯರು ಹೇಳುವುದುಂಟು. ನಡತೆಯ ವಿಷಯಕ್ಕೆ ಅದು ಸರಿಯಾದ ಮಾತು. ಆದರೆ ಪ್ರವಾಸಕ್ಕೆ ಆ ಮಾತು ಅಷ್ಟಾಗಿ ಹೊಂದುವುದಿಲ್ಲ, ಮಕ್ಕಳೇ.

ಮಗ, ಸೊಸೆ, ಐದನೇ ತರಗತಿಯ ಮೊಮ್ಮಗಳು, ಜೊತೆಗೆ ನಾವಿಬ್ಬರು ಮುದುಕರು ಆಗಸ್ಟ್ ತಿಂಗಳ ಒಂದು ಭಾನುವಾರ ಶಿವಮೊಗ್ಗದಿಂದ ಜೋಗಕ್ಕೆ ಹೊರಟೆವು. ಸಾಗರದಲ್ಲಿ ಕೆಳದಿಯ ಬೋರ್ಡು ಕಂಡದ್ದೇ ತಡ, ನನ್ನ ಹೆಂಡತಿ, "ಇಲ್ಲೇ ಹತ್ತಿರವಂತೆ, ನೋಡಿಕೊಂಡೇ ಹೋಗೋಣ" ಎಂದಳು. ಕಾರು ತಿರುಗಿತು. ಕೆಳದಿಯ ರಾಮೇಶ್ವರ ದೇವಾಲಯದಲ್ಲಿ ನಮ್ಮನ್ನು ಬಿಟ್ಟರೆ ನಾಲ್ಕೈದು ಜನ ಇದ್ದರು. ಮೊಮ್ಮಗಳು ತಲೆಯೆತ್ತಿ ಛಾವಣಿ ನೋಡಿ, "ಅಜ್ಜಾ, ಗಂಡಭೇರುಂಡ! ನಮ್ಮ ರಾಜ್ಯದ ಲಾಂಛನದಲ್ಲಿರೋ ಹಕ್ಕಿ!" ಎಂದು ಕೂಗಿದಳು.

ಜೋಗದಲ್ಲಿ ಮಾತ್ರ ಜಾತ್ರೆ. ಕಾರನ್ನು ದೂರದಲ್ಲೇ ನಿಲ್ಲಿಸಿ ಕೊಡೆ ಹಿಡಿದು ನಡೆದೆವು. ಕಂಬಿಯ ಬಳಿ ಕಾಲಿಡಲು ಜಾಗವಿಲ್ಲ. ಎದುರಿಗೆ ಬರೀ ಮಂಜು, ಕಿವಿಗೆ ಬರೀ ಸದ್ದು. ಒಂದು ಗಂಟೆ ಕಾದ ಮೇಲೆ ಐದು ನಿಮಿಷ ಮಂಜು ಸರಿಯಿತು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಂಡವು. 830 ಅಡಿ, ಅಂದರೆ 253 ಮೀಟರ್ ಎತ್ತರದಿಂದ ಶರಾವತಿ ಧುಮುಕುತ್ತಿದ್ದಳು.

"ಬೇಸಿಗೆಯಲ್ಲಿ ಯಾಕೆ ಇಷ್ಟು ನೀರಿರಲ್ಲ?" ಎಂದಳು ಮೊಮ್ಮಗಳು. ಬ್ಯಾಂಕಿನಲ್ಲಿದ್ದವನಿಗೆ ಇದು ಸುಲಭದ ಲೆಕ್ಕ. ಮೇಲುಗಡೆ ಲಿಂಗನಮಕ್ಕಿ ಅಣೆಕಟ್ಟು ಇದೆ, 1964ರದು. ಅದು ನದಿಯ ಉಳಿತಾಯ ಖಾತೆ. ಮಳೆಗಾಲದಲ್ಲಿ ನೀರು ಜಮಾ. ಆಮೇಲೆ ವರ್ಷವಿಡೀ ತೆಗೆದು ವಿದ್ಯುತ್ ಮಾಡುತ್ತಾರೆ ಎಂದೆ.

ವಾಪಸು ಬರುವಾಗ ಮರ ಬಿದ್ದು ರಸ್ತೆ ಬಂದ್. ಒಳರಸ್ತೆ ಹಿಡಿದು ಸುತ್ತಿ ಬಂದೆವು. ದಾರಿಯಲ್ಲಿ ಒಂದು ಪುಟ್ಟ ಟೀ ಅಂಗಡಿ ಸಿಕ್ಕಿತು. ಅಂಗಡಿಯವರು ನನ್ನದೇ ವಯಸ್ಸಿನವರು. ಜೋಗದ ಮಾತು ಬಂದಾಗ, "ನಮ್ಮ ಮೂಲ ಊರು ಈಗ ಲಿಂಗನಮಕ್ಕಿ ನೀರಿನ ಅಡಿಯಲ್ಲಿದೆ" ಎಂದರು.

ಮೊಮ್ಮಗಳು ಬಿಸ್ಕತ್ತು ತಿನ್ನುವುದನ್ನು ನಿಲ್ಲಿಸಿದಳು. "ಶಾಲೆಯೂ ಮುಳುಗಿತಾ?"

"ಶಾಲೆ, ತೋಟ, ಗದ್ದೆ ಎಲ್ಲಾ ಮುಳುಗಿತು ಪುಟ್ಟಿ. ಅಪ್ಪ ಮನೆಯ ಬಾಗಿಲು ಕಳಚಿ ಗಾಡಿಯಲ್ಲಿ ಹೇರಿಕೊಂಡು ಬಂದರು. ಹೊಸ ಜಾಗದಲ್ಲಿ ನಮ್ಮ ಮನೆಗೆ ಕರೆಂಟು ಬಂದದ್ದು ಎಷ್ಟೋ ವರ್ಷದ ಮೇಲೆ. ಚಿಮಣಿ ದೀಪದಲ್ಲೇ ಓದಿದೆ." ಹಿಂದೆ ತಿರುಗಿ ಒಳಬಾಗಿಲು ತೋರಿಸಿದರು. ಹಳೆಯ ಹಲಸಿನ ಮರದ ಬಾಗಿಲು.

ಅದೇ ವರ್ಷಗಳಲ್ಲಿ ನಾನು ಶಿವಮೊಗ್ಗದ ಮನೆಯಲ್ಲಿ ಕರೆಂಟು ದೀಪದ ಕೆಳಗೆ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಉಳಿತಾಯ ಖಾತೆಗೆ ಮೊದಲ ಹಣ ಕಟ್ಟಿದವರು ಯಾರೆಂದು ಅಂದು ತಿಳಿಯಿತು. ಮೊಮ್ಮಗಳು ಎದ್ದು ಹೋಗಿ ಆ ಬಾಗಿಲನ್ನು ಮೆಲ್ಲಗೆ ಮುಟ್ಟಿ ಬಂದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಜಲಪಾತ ನೋಡಲು ಹೋಗಿ ಮಕ್ಕಳೇ, ಖಂಡಿತ ಹೋಗಿ. ಜನಜಂಗುಳಿ ಇದ್ದರೆ ಬೇಸರ ಬೇಡ. ಹಿಂತಿರುಗುವಾಗ ದಾರಿಬದಿಯ ಹಿರಿಯರೊಬ್ಬರ ಹತ್ತಿರ ಟೀ ಕುಡಿಯುವಷ್ಟು ಹೊತ್ತು ಕುಳಿತು, "ಇಲ್ಲಿ ಮೊದಲು ಏನಿತ್ತು?" ಎಂದು ಕೇಳಿ. ಅಜ್ಜ ಅಜ್ಜಿಯರೇ, ನೀವು ಕಾರು ನಿಲ್ಲಿಸಲು ಹೇಳಿದರೆ ಸಾಕು. ಮುಂದಿನದನ್ನು ಮಕ್ಕಳೇ ಕೇಳುತ್ತಾರೆ.