ಅತಿಥಿ ಲೇಖಕರಿಗೆ ನಾವು ಕೊಡಬಹುದಾದದ್ದು

ಮುಂಬಯಿಯಂಥ ನಗರಗಳ ಇಂಗ್ಲಿಷ್ ಸಾಹಿತ್ಯೋತ್ಸವಗಳು ಕನ್ನಡದ ಲೇಖಕರನ್ನು ಕರೆಯುತ್ತಿರುವುದು ಸಂತೋಷದ ಸಂಗತಿ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳ ಅನುವಾದಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿಯೂ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯೂ ಸಂದಿವೆ. ಕನ್ನಡದ ಕುರಿತ ಕುತೂಹಲ ಹೆಚ್ಚಿರುವುದು ಸಹಜ.

ಆದರೆ ಉತ್ಸವದಲ್ಲಿ ನಮ್ಮ ಲೇಖಕರಿಗೆ ದಕ್ಕುವುದೇನು? ವಿಮಾನದ ಟಿಕೆಟ್ಟು, ಹೋಟೆಲಿನ ಕೋಣೆ, ಮೂರು-ನಾಲ್ಕು ಮಂದಿ ಹಂಚಿಕೊಳ್ಳಬೇಕಾದ ಒಂದು ಗೋಷ್ಠಿ. ಪ್ರಶ್ನೆಗಳು ಬಹುಮಟ್ಟಿಗೆ ಅನುವಾದದ ಬಗ್ಗೆ, ‘ಪ್ರಾದೇಶಿಕ’ ಭಾಷೆಗಳ ಅಳಿವು-ಉಳಿವಿನ ಬಗ್ಗೆ. ಕಥೆಯೊಳಗಿನ ಒಂದು ಮಾತು ಹಾಗೆಯೇ ಏಕೆ ಬಂತೆಂದು ಕೇಳಬಲ್ಲವರು ಆ ಸಭೆಯಲ್ಲಿ ವಿರಳ. ಇರಬೇಕೆಂದು ಅಪೇಕ್ಷಿಸುವುದೂ ನ್ಯಾಯವಲ್ಲ. ಕನ್ನಡದಲ್ಲಿ ಓದಿ ಬಂದ ಸಭೆಯನ್ನು ಒದಗಿಸಬೇಕಾದವರು ಇಲ್ಲಿಯ ಕನ್ನಡಿಗರಾದ ನಾವು.

ನಾವು ಮಾಡುವುದಾದರೂ ಏನು? ‘ಹೇಗೂ ಊರಿಗೆ ಬಂದಿದ್ದಾರಲ್ಲ’ ಎಂದು ಒಂದು ಸಂಜೆಗೆ ಆಹ್ವಾನಿಸುತ್ತೇವೆ. ಪ್ರಾರ್ಥನೆ, ಸ್ವಾಗತ, ಪರಿಚಯ, ಶಾಲು, ಹಾರ, ಸ್ಮರಣಿಕೆ, ವೇದಿಕೆಯ ಗಣ್ಯರ ಹಿತನುಡಿಗಳು. ಅತಿಥಿಯ ಕೈಗೆ ಮೈಕು ಬರುವಷ್ಟರಲ್ಲಿ ಡೊಂಬಿವಲಿ, ವಸಾಯಿಗಳಿಗೆ ಮರಳಬೇಕಾದವರು ಲೋಕಲ್ ರೈಲಿನ ಹೊತ್ತು ನೋಡಿಕೊಂಡು ಎದ್ದಿರುತ್ತಾರೆ. ಪ್ರಯಾಣದ ವೆಚ್ಚ ಉತ್ಸವದವರದಾದ್ದರಿಂದ ಗೌರವಧನದ ಮಾತೂ ಏಳುವುದಿಲ್ಲ.

ಸನ್ಮಾನ ನಮ್ಮ ಸಂಸ್ಕೃತಿಯಲ್ಲವೇ ಎಂಬ ಪ್ರಶ್ನೆಯನ್ನು ನಾನು ಹಗುರಾಗಿ ಕಾಣಲಾರೆ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘದಂಥ ಸಂಸ್ಥೆಗಳು ಬೆಳೆದು ಬಂದದ್ದು ಹಿರಿಯರ ತನು-ಮನ-ಧನಗಳಿಂದ. ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕನ್ನಡ ಕಲಿತವರ ನಗರವೂ ಇದೇ. ಯಶವಂತ ಚಿತ್ತಾಲರ ‘ಶಿಕಾರಿ’, ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಇಲ್ಲಿಯ ಬದುಕಿನಿಂದ ಮೂಡಿದ ಕಾದಂಬರಿಗಳು. ಓದು ಈ ಊರಿನ ಕನ್ನಡಿಗರಿಗೆ ಅಲಂಕಾರವಾಗಿರಲಿಲ್ಲ, ದುಡಿದು ಗಳಿಸಿದ ಸೊತ್ತಾಗಿತ್ತು. ಆ ಪರಂಪರೆಗೆ ತಕ್ಕ ಆತಿಥ್ಯ ಬೇಡವೇ?

ಅದಕ್ಕೆ ದೊಡ್ಡ ಸಿದ್ಧತೆ ಬೇಕಿಲ್ಲ. ಲೇಖಕರು ಬರುವ ತಿಂಗಳ ಮೊದಲೇ ಅವರ ಒಂದು ಪುಸ್ತಕವನ್ನು ಆರಿಸಿಕೊಳ್ಳೋಣ. ಇಲ್ಲಿಯ ಅಂಗಡಿಗಳಲ್ಲಿ ಕನ್ನಡ ಪುಸ್ತಕ ಸಿಗುವುದು ದುರ್ಲಭ. ಪ್ರಕಾಶಕರಿಂದಲೇ ಇಪ್ಪತ್ತು ಪ್ರತಿ ತರಿಸಿ, ಹಣ ಕೊಟ್ಟು ಕೊಳ್ಳೋಣ. ಇಬ್ಬರು ಓದುಗರು ತಲಾ ಹತ್ತು ನಿಮಿಷ ಮಾತನಾಡಲಿ, ಲೇಖಕರು ಅರ್ಧ ಗಂಟೆ ಓದಲಿ, ಉಳಿದ ಹೊತ್ತು ಸಂವಾದಕ್ಕಿರಲಿ. ಶಾಲು ಒಂದೇ ಸಾಕು. ಹಾರ, ಸ್ಮರಣಿಕೆಗಳ ಹಣ ಗೌರವಧನದ ಲಕೋಟೆಗೆ ಸೇರಲಿ.

ನಮ್ಮ ಮನೆಗಳ ಮಕ್ಕಳಲ್ಲಿ ಅನೇಕರಿಗೆ ಕನ್ನಡದ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅವರು ಇಂಗ್ಲಿಷ್ ಅನುವಾದವನ್ನೇ ಹಿಡಿದು ಬರಲಿ. ಕೈಯಲ್ಲಿರುವ ಕಥೆಯನ್ನು ಲೇಖಕರ ಬಾಯಲ್ಲಿ ಕನ್ನಡದಲ್ಲಿ ಕೇಳಲಿ. ಅಕ್ಷರದ ಆಸೆ ಕೆಲವರಲ್ಲಾದರೂ ಹುಟ್ಟುವುದು ಅಂಥ ಸಂಜೆಯಲ್ಲಿಯೇ. ಓದಿದವರೇ ಇಲ್ಲದ ಸಭೆಯಾದರೆ ಉತ್ಸವದ ಗೋಷ್ಠಿಗೂ ನಮ್ಮ ಸಂಜೆಗೂ ಲೇಖಕರಿಗೆ ಹೆಚ್ಚಿನ ವ್ಯತ್ಯಾಸ ಕಾಣದು. ಇಲ್ಲಿ ಒಂದು ಶಾಲು ಹೆಚ್ಚು, ಅಷ್ಟೆ.