ಓವನ್ ಇಲ್ಲ, ಕುಂಬಳಕಾಯಿ ಇದೆ (ಕಂತು 4)

ಮೊದಲನೇ ಫೋಟೋ ನೋಡಿ, ಆಮೇಲೆ ಸ್ವೈಪ್ ಮಾಡಿ. ಎರಡೂ ಒಂದೇ ಫೋಟೋ. ಮೊದಲನೇದ್ರಲ್ಲಿ ಅವರೆಕಾಳು ತುಂಬಿಸಿ ಬೇಕ್ ಮಾಡಿದ ಸಿಹಿಗುಂಬಳ ಮಾತ್ರ ಇದೆ. ಎರಡನೇದ್ರಲ್ಲಿ ಮಸಿ ಹಿಡಿದ ಪಾತ್ರೆ, ಸುಣ್ಣ ಉದುರಿದ ಗೋಡೆ, ಅಮ್ಮನ ಅರ್ಧ ಕೈ ಎಲ್ಲಾ ಇದೆ.

ಕ್ಲಾಸ್ ಗ್ರೂಪಿಗೆ ನಾನು ಹಾಕಿದ್ದು ಮೊದಲನೇದು. "ಯಾವ ಕೆಫೆ ಮಗಾ?" ಅಂತ ಕೇಳಿದ್ರಿ. ನಗು ಇಮೋಜಿ ಹಾಕಿ ಸುಮ್ಮನಾದೆ. ಕೆಫೆ ಅಲ್ಲ ಕಣ್ರೋ, ಸುಗಟೂರಿನ ನಮ್ಮನೆ ಅಡುಗೆಮನೆ. ಅವತ್ತು ಹೇಳಬೇಕಿತ್ತು, ಹೇಳಲಿಲ್ಲ. ಅದಕ್ಕೇ ಈ ಕಂತು.

ಬೇಕ್ ಮಾಡೋಕೆ ಓವನ್ ಬೇಕೇ ಬೇಕಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಕಂತಿನ ಮೇಲೆ ಒಂದು ಓವನ್ ತಗೊಳ್ಳೋಣ ಅಂತ ಫೋನ್‌ನಲ್ಲಿ ಹುಡುಕಿಯೂ ಆಯ್ತು. ಬಿಕಾಂ ಓದ್ತಾ ಇದ್ದೀವಲ್ಲ, ಲೆಕ್ಕ ಹಾಕಿ. ತಿಂಗಳಿಗೆ ಒಂದು ಸಲ ಬಳಸೋ ಯಂತ್ರಕ್ಕೆ ಬಂಡವಾಳ, ಸವಕಳಿ, ಬಡ್ಡಿ, ಅದರ ಮೇಲೆ ಕರೆಂಟು. ಒಳಗಿಡೋ ಕುಂಬಳಕಾಯಿ 40 ರೂಪಾಯಿ!

ನಾನು ಮಾಡಿದ್ದು ಹೀಗೆ. ಹಳೇ ದಪ್ಪ ತಳದ ಪಾತ್ರೆಗೆ 1 ಕೆಜಿ ಕಲ್ಲುಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡು, ತಟ್ಟೆ. ಮುಚ್ಚಿ 10 ನಿಮಿಷ ಕಾಯಿಸಿದೆ. ಒಂದೂವರೆ ಕೆಜಿ ಕುಂಬಳದ ತೊಟ್ಟಿನ ಕಡೆ ಮುಚ್ಚಳದ ಥರ ಕೊಯ್ದು, ಬೀಜ ತೆಗೆದು, ಒಳಗೆ ಉಪ್ಪು, ಎಣ್ಣೆ ಸವರಿದೆ. ಬೇಯಿಸಿದ ಹಿತಕಿದ ಅವರೆ, ನಿನ್ನೆಯ ಅನ್ನ, ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು, ಕಾಯಿತುರಿ ಒಗ್ಗರಣೆಯಲ್ಲಿ ಬಾಡಿಸಿ ತುಂಬಿದೆ. ಕಾಳು ಮೊದಲೇ ಬೆಂದಿರಲಿ, ಒಳಗೆ ಹೋದ ಮೇಲೆ ಬೇಯಲ್ಲ. ಸಣ್ಣ ಉರಿಯಲ್ಲಿ ಒಂದು ಗಂಟೆ ಮೇಲೆ ಬೇಕು. ಚಾಕು ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಆಯ್ತು. ಕುಕ್ಕರ್‌ನಲ್ಲಿ ಮಾಡೋರು ಗ್ಯಾಸ್ಕೆಟ್, ವಿಷಲ್ ಎರಡೂ ತೆಗೆದಿಡಿ, ಮರೀಬೇಡಿ. ಬೀಜ ಎಸೀಬೇಡಿ, ತೊಳೆದು ಒಣಗಿಸಿ ಹುರೀರಿ. ಆ ಉಪ್ಪು ಮುಂದಿನ ಸಲದ ಬೇಕಿಂಗ್‌ಗೆ ಇರಲಿ, ಸಾರಿಗೆ ಬೇಡ.

"ಇದೆಲ್ಲಾ ಫಾರಿನ್ ಊಟ ಬಿಡೋ" ಅಂತ ಒಬ್ಬ ಅಂದ. ಸರಿ, ಫಾರಿನ್ ಯಾವುದು ಅಂತ ನೋಡೋಣ. ಸಿಹಿಗುಂಬಳ ಅಮೆರಿಕ ಖಂಡದ್ದು. ಕೋಲಾರ ಮಾರ್ಕೆಟ್‌ಗೆ ಹೆಸರು ತಂದ ಟೊಮೆಟೊನೂ ಅಲ್ಲಿಂದಾನೇ ಬಂದಿದ್ದು, ನಮ್ಮ ಸಾರಿನ ಮೆಣಸಿನಕಾಯಿನೂ ಅಷ್ಟೇ. ಸೀಮೆಬದನೆಕಾಯಂತೂ ಹೆಸರಲ್ಲೇ ಹೇಳುತ್ತೆ. ಏಷ್ಯಾದ್ದು ಅನ್ನಬೇಕಾದ್ರೆ ಬೂದುಗುಂಬಳ, ಅದನ್ನ ಆಯುಧಪೂಜೆ ದಿನ ರಸ್ತೆಗೆ ಒಡೀತೀವಿ. ಇನ್ನು ವಿಧಾನ. ಅಜ್ಜಿ ಹಂಡೆ ಒಲೆಯ ಕೆಂಡದಲ್ಲಿ ಬದನೆಕಾಯಿ ಸುಟ್ಟು ಗೊಜ್ಜು ಮಾಡ್ತಿದ್ದದ್ದು ಏನು? ಅದೂ ಬೇಕಿಂಗೇ. ಎಣ್ಣೆಗಾಯಿ ಅಂದ್ರೆ ಏನು? ಸ್ಟಫಿಂಗೇ. ನಮಗೆ ಹೊಸದು ಇಂಗ್ಲಿಷ್ ಹೆಸರು ಮಾತ್ರ.

ಇಷ್ಟು ಕೇಳಿ ಇನ್ನೊಬ್ಬ ಫ್ರೆಂಡ್ ಉಲ್ಟಾ ಐಡಿಯಾ ಕೊಟ್ಟ. "ಹಾಗಾದ್ರೆ ಸೌದೆ ಒಲೇಲೇ ಮಾಡೋ, ಹಳ್ಳಿ ವೈಬ್, ರೀಲ್ ಓಡುತ್ತೆ." ಮಾಡಬಹುದು. ಕೆಳಗೆ ಕೆಂಡ, ಮುಚ್ಚಳದ ಮೇಲೆ ಕೆಂಡ ಇಟ್ಟರೆ ಗ್ಯಾಸ್‌ಗಿಂತ ಚೆನ್ನಾಗೇ ಬೇಯುತ್ತೆ. ಆದರೆ ರೀಲ್ 30 ಸೆಕೆಂಡು, ಒಲೆ ಊದೋದು ಒಂದು ಗಂಟೆ. ಅಮ್ಮ ವರ್ಷಗಟ್ಟಲೆ ಊದಿದ್ದಾರೆ. ಈಗಲೂ ಹೊಗೆ ಕಂಡ್ರೆ ಕೆಮ್ಮು ಶುರು. ಆ ಕೆಮ್ಮನ್ನ ಮ್ಯೂಟ್ ಮಾಡಿ ಮೇಲೆ ಜಾನಪದ ಹಾಡು ಹಾಕಿದ್ರೆ ಅದೂ ಕ್ರಾಪೇ ಅಲ್ವಾ? ನಾನು ನಾಚಿಕೆಗೆ ಮಸಿ ಕ್ರಾಪ್ ಮಾಡಿದೆ, ಅವನು ಚಂದಕ್ಕೆ ಕೆಮ್ಮು ಕ್ರಾಪ್ ಮಾಡು ಅಂತಾನೆ. ಎರಡರಲ್ಲೂ ಹೋಗೋದು ಅಡುಗೆಮನೆಯಲ್ಲಿ ನಿಂತ ಮನುಷ್ಯರು.

ಅದಕ್ಕೆ ನನ್ನ ಮಾತು ಇಷ್ಟೇ. ಓವನ್ ಬರಲಿ ಅಂತ ಕಾಯಬೇಡಿ, ಇರೋ ಪಾತ್ರೆಯಲ್ಲಿ ಮಾಡಿ. ಮಾಡಿದ ಜಾಗವನ್ನ ಬಚ್ಚಿಡಬೇಡಿ. ಮುಖ್ಯವಾಗಿ ಹುಡುಗರಿಗೆ: ಆ ಪಾತ್ರೆ ನೀವೇ ಉಜ್ಜಿ. ನಾನು ಉಜ್ಜಿದೆ, ಮಸಿ ಎರಡು ದಿನ ಉಗುರಲ್ಲೇ ಇತ್ತು.

ಈ ಪೋಸ್ಟ್ ಹಾಕೋ ಮುಂಚೆ ಎರಡನೇ ಫೋಟೋ ಅಮ್ಮಂಗೆ ತೋರಿಸಿ, ಹಾಕ್ಲಾ ಅಂತ ಕೇಳಿದೆ. ಅವರು ಗೋಡೆನೂ ನೋಡಲಿಲ್ಲ, ಮಸಿನೂ ನೋಡಲಿಲ್ಲ. "ಅರ್ಧ ಕೈ ಯಾಕೋ ಬಂದಿದೆ? ಇರು, ಬಳೆ ಹಾಕ್ಕೊಂಡು ಬರ್ತೀನಿ, ಪೂರ್ತಿ ತೆಗಿ" ಅಂದ್ರು.

ಮೂರನೇ ಫೋಟೋ ಅದೇ. ನಿಮ್ಮನೆ ಅಡುಗೆಮನೆದೂ ಕಳಿಸಿ, ಕ್ರಾಪ್ ಮಾಡದೆ.